ಹಣ್ಣು ಮಾರುವುದೋ ಒಣಗಿಸುವುದೋ: ಇಂಗ್ಲಿಷ್ ತರಗತಿಯ ಒಂದು ಪ್ರಶ್ನೆ

ಸಂಜೆ ಶಾಲೆ ಬಿಟ್ಟ ಮೇಲೆ ಬಸ್ ಸ್ಟ್ಯಾಂಡ್ ಪಕ್ಕದ ಜೆರಾಕ್ಸ್ ಅಂಗಡಿಗೆ ಹೋದಾಗಲೆಲ್ಲ ಒಂದು ಮಾತು ಕಿವಿಗೆ ಬೀಳುತ್ತದೆ. ಯೂನಿಫಾರ್ಮಿನಲ್ಲಿರುವ ಮಗುವಿನ ಜೊತೆ ತೋಟದ ಕೆಲಸ ಮುಗಿಸಿ ನೇರವಾಗಿ ಬಂದ ಅಪ್ಪನೋ ಅಮ್ಮನೋ ನಿಂತಿರುತ್ತಾರೆ. "ಇವಳಿಗೆ ಇಂಗ್ಲಿಷ್ ಪ್ರಾಜೆಕ್ಟ್ ಬೇಕಂತೆ, ಸ್ವಲ್ಪ ತೆಗೆದುಕೊಡಿ." ಅಂಗಡಿಯವರು ವಿಷಯ ಯಾವುದೆಂದು ಕೇಳುತ್ತಾರೆ. ಪರಿಸರ ಮಾಲಿನ್ಯವೋ, ಹೊಯ್ಸಳ ದೇವಸ್ಥಾನಗಳೋ, ಮತ್ತೇನೋ. ಐದು ನಿಮಿಷದಲ್ಲಿ ಬಣ್ಣದ ಪುಟಗಳು ಬರುತ್ತವೆ. ಪುಟದ ತುಂಬ ನೀಲಿ ಬಣ್ಣದ ಲಿಂಕುಗಳು ಅಡಿಗೆರೆ ಸಮೇತ ಹಾಗೆಯೇ ಅಚ್ಚಾಗಿರುತ್ತವೆ. ಅದಕ್ಕೊಂದು ಪ್ಲಾಸ್ಟಿಕ್ ಕವರು, ಮೇಲೆ ಹೆಸರು, ರೋಲ್ ನಂಬರು. ಮರುದಿನ ಅದು ನನ್ನಂಥ ಒಬ್ಬ ಶಿಕ್ಷಕರ ಮೇಜಿನ ಮೇಲಿರುತ್ತದೆ. ಮಗು ಅದರಲ್ಲಿ ಒಂದು ವಾಕ್ಯವನ್ನೂ ಓದಿರುವುದಿಲ್ಲ.

ಮಕ್ಕಳು ಸೋಮಾರಿಗಳಾದರು, ಮೊಬೈಲು ಅವರನ್ನು ಕೆಡಿಸಿತು ಎಂದು ಸ್ಟಾಫ್ ರೂಮಿನಲ್ಲಿ ಇದರ ಬಗ್ಗೆ ಮಾತು ಬರುತ್ತದೆ. ನಾನು ಅದನ್ನು ಒಪ್ಪುವುದಿಲ್ಲ. "ಮಾಲಿನ್ಯದ ಬಗ್ಗೆ ಮಾಹಿತಿ ಸಂಗ್ರಹಿಸಿ ಬನ್ನಿ" ಎಂದು ಕೇಳಿದವರು ನಾವು. ಆ ಮಾಹಿತಿ ಪೂರ್ತಿಯಾಗಿ ಒಂದೇ ಪುಟದಲ್ಲಿ ಬರೆದಿಟ್ಟಿರುವಾಗ ಆ ಪುಟವನ್ನು ತಂದುಕೊಡುವುದೇ ಸರಿಯಾದ ಉತ್ತರ. ಮಗು ಹೇಳಿದ್ದನ್ನು ಹೇಳಿದಂತೆಯೇ ಮಾಡಿದೆ. ಎಸ್ಸೆಸ್ಸೆಲ್ಸಿಯಲ್ಲಿ ದ್ವಿತೀಯ ಭಾಷೆಗೆ, ಅಂದರೆ ನಮ್ಮ ಮಕ್ಕಳ ಇಂಗ್ಲಿಷಿಗೆ, 100 ಅಂಕ. ಅದರಲ್ಲಿ 80 ಲಿಖಿತ ಪರೀಕ್ಷೆಗೆ, 20 ಆಂತರಿಕ ಮೌಲ್ಯಮಾಪನಕ್ಕೆ. ಆ 20ರೊಳಗೆ ಈ ಪ್ರಾಜೆಕ್ಟುಗಳಿಗೂ ಜಾಗವಿದೆ. ಮಕ್ಕಳು ತಮಗೆ ಬೇಕಾದ ಭಾಷೆಯನ್ನು ತಮ್ಮ ಕೈಯಾರೆ ಕಟ್ಟಿಕೊಳ್ಳಲು ಇಡೀ ವರ್ಷದಲ್ಲಿ ಸಿಗುವ ಅವಕಾಶ ಬಹುಮಟ್ಟಿಗೆ ಇದೊಂದೇ. ಅದನ್ನು ಜೆರಾಕ್ಸ್ ಅಂಗಡಿಗೆ ಬಿಟ್ಟುಕೊಡುವುದು ನನ್ನಿಂದ ಆಗದ ಮಾತು.

ನಾನು ಚಿಕ್ಕಮಗಳೂರು ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಸುತ್ತ ಕಾಫಿ ತೋಟ. ಎರಡು ಮೂರು ಎಕರೆಯ ಬೆಳೆಗಾರರ ಮಕ್ಕಳು, ದೊಡ್ಡ ತೋಟಗಳ ಕೂಲಿಯವರ ಲೈನ್ ಮನೆಗಳಿಂದ ಬರುವ ಮಕ್ಕಳು, ಪೇಟೆಯ ಅಂಗಡಿಯವರ ಮಕ್ಕಳು ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಶಾಲೆಯ ಗೇಟು ದಾಟಿದ ಮೇಲೆ ಇವರಲ್ಲಿ ಯಾರಿಗೂ ಇಂಗ್ಲಿಷ್ ಕಿವಿಗೆ ಬೀಳುವುದಿಲ್ಲ. ಅಂಥವರಿಗೆ ಇಂಟರ್ನೆಟ್ ಬಳಸಿ ಭಾಷೆ ಕಲಿಸುವುದು ಹೇಗೆ ಎಂಬುದನ್ನು ಬಹಳ ಕಾಲದಿಂದ ಯೋಚಿಸುತ್ತ ಬಂದಿದ್ದೇನೆ. ಅದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ದಾರಿ ಹಾಕಿಕೊಟ್ಟ ಹುಡುಕಾಟ

1995ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋ ಸ್ಟೇಟ್ ಯೂನಿವರ್ಸಿಟಿಯ ಬರ್ನಿ ಡಾಜ್ ಎಂಬ ಪ್ರಾಧ್ಯಾಪಕರು, ಟಾಮ್ ಮಾರ್ಚ್ ಅವರ ಜೊತೆ ಸೇರಿ, ವೆಬ್‌ಕ್ವೆಸ್ಟ್, ಅಂದರೆ ಇಂಟರ್ನೆಟ್ಟಿನಲ್ಲಿ ದಾರಿ ಹಾಕಿಕೊಟ್ಟ ಹುಡುಕಾಟ, ಎಂಬ ಕ್ರಮವನ್ನು ರೂಪಿಸಿದರು. ಇಂಟರ್ನೆಟ್ ಆಗಷ್ಟೇ ಶಾಲೆಗಳಿಗೆ ಬರುತ್ತಿದ್ದ ಕಾಲ. ಡಾಜ್ ಶಿಕ್ಷಕರಾಗಲಿರುವವರಿಗೆ ಪಾಠ ಮಾಡುತ್ತಿದ್ದರು. ಅವರು ಹೇಳಿದ ಕ್ರಮ ಸರಳವಾದದ್ದು. ಮೊದಲು ವಿಷಯಕ್ಕೊಂದು ಪ್ರವೇಶ. ಆಮೇಲೆ ಮಾಡಬೇಕಾದ ಕೆಲಸವೇನೆಂದು ಸ್ಪಷ್ಟವಾಗಿ ಹೇಳುವುದು. ನಂತರ ಹೆಜ್ಜೆ ಹೆಜ್ಜೆಯಾಗಿ ದಾರಿ, ಆ ದಾರಿಯಲ್ಲಿ ಓದಬೇಕಾದ ಪುಟಗಳನ್ನು ಶಿಕ್ಷಕರೇ ಮೊದಲು ಆರಿಸಿಡುವುದು. ಕೆಲಸವನ್ನು ಹೇಗೆ ಅಳೆಯುತ್ತೇವೆ ಎಂಬುದನ್ನು ಶುರುವಿನಲ್ಲೇ ಮಕ್ಕಳ ಕೈಗೆ ಕೊಡುವುದು. ಕೊನೆಗೆ ಕಲಿತದ್ದನ್ನು ಕುರಿತು ಒಂದು ಮಾತು. ಮಕ್ಕಳು ಗುಂಪುಗಳಲ್ಲಿ ಕೂರುತ್ತಾರೆ, ಒಬ್ಬೊಬ್ಬರಿಗೆ ಒಂದೊಂದು ಪಾತ್ರ ಇರುತ್ತದೆ.

ಇದರ ಜೀವ ಎರಡನೆಯ ಅಂಗದಲ್ಲಿದೆ, ಅಂದರೆ ಕೊಡುವ ಕೆಲಸದಲ್ಲಿ. ಪುಟದಲ್ಲಿರುವುದನ್ನು ತೆಗೆದು ಇನ್ನೊಂದು ಹಾಳೆಗೆ ಹಾಕುವ ಕೆಲಸ ಕೊಟ್ಟರೆ ಲಿಂಕುಗಳು ಎಷ್ಟೇ ಚೆನ್ನಾಗಿದ್ದರೂ ಅದು ಹುಡುಕಾಟವಾಗುವುದಿಲ್ಲ. ಓದಿದ್ದನ್ನು ತೂಗಿ ನೋಡಿ ಒಂದು ತೀರ್ಮಾನಕ್ಕೆ ಬರಬೇಕು, ಒಂದು ಯೋಜನೆ ಹಾಕಬೇಕು, ಇಬ್ಬರ ಜಗಳ ಬಗೆಹರಿಸಬೇಕು, ಒಬ್ಬರನ್ನು ಒಪ್ಪಿಸಬೇಕು. ಡಾಜ್ ಇಂಥ ಕೆಲಸಗಳನ್ನು ಬಗೆಬಗೆಯಾಗಿ ವಿಂಗಡಿಸಿದ್ದಾರೆ. ಓದಿದ್ದನ್ನು ಮರಳಿ ಹೇಳುವುದು ಅವುಗಳಲ್ಲಿ ತೀರಾ ಸುಲಭದ್ದು. ನಮ್ಮ ಶಾಲೆಗಳಲ್ಲಿ ಪ್ರಾಜೆಕ್ಟ್ ಎಂದು ನಡೆಯುವುದು ಬಹುಪಾಲು ಅದೇ ಮೊದಲ ಮೆಟ್ಟಿಲಿನಲ್ಲಿ ನಿಂತಿದೆ.

ಮೇಲಿನದೆಲ್ಲ ಯಾವ ವಿಷಯದ ಶಿಕ್ಷಕರಿಗೂ ಹೊಂದುವ ಮಾತು. ಭಾಷೆಯ ಶಿಕ್ಷಕರಿಗೆ ಇದು ಏಕೆ ಬೇಕು ಎಂಬುದಕ್ಕೆ ಉತ್ತರ ನನಗೆ ಸಿಕ್ಕಿದ್ದು ಅಮೆರಿಕದಿಂದಲ್ಲ, ಬೆಂಗಳೂರಿನಿಂದ. ವೆಬ್‌ಕ್ವೆಸ್ಟ್ ಹುಟ್ಟುವ ಎಷ್ಟೋ ಮೊದಲು, 1979ರಿಂದ 1984ರವರೆಗೆ, ಭಾಷಾ ಬೋಧನೆಯ ತಜ್ಞರಾದ ಎನ್. ಎಸ್. ಪ್ರಭು ಅವರು ದಕ್ಷಿಣ ಭಾರತದ ಸಾಮಾನ್ಯ ಶಾಲೆಗಳಲ್ಲಿ ಒಂದು ಪ್ರಯೋಗ ನಡೆಸಿದರು. ಪ್ರಪಂಚದ ಭಾಷಾ ಬೋಧಕರು ಅದನ್ನು ಇಂದಿಗೂ ಬೆಂಗಳೂರು ಪ್ರಾಜೆಕ್ಟ್ ಎಂದೇ ಕರೆಯುತ್ತಾರೆ. ವ್ಯಾಕರಣದ ಪಾಠವನ್ನು ಪಕ್ಕಕ್ಕಿಟ್ಟು ಮಕ್ಕಳಿಗೆ ರೈಲಿನ ವೇಳಾಪಟ್ಟಿಯನ್ನೋ ಒಂದು ನಕ್ಷೆಯನ್ನೋ ಕೊಟ್ಟು ಬಿಡಿಸಬೇಕಾದ ಸಮಸ್ಯೆಯೊಂದನ್ನು ಮುಂದಿಡುವುದು. ಮನಸ್ಸು ಅರ್ಥದ ಮೇಲೆ ಇರುವಾಗ ಭಾಷೆಯ ರೂಪ ತಾನಾಗಿ ಒಳಗೆ ಇಳಿಯುತ್ತದೆ ಎಂಬುದು ಅವರ ನಂಬಿಕೆ. ಮಾತಿಗೆ ಕಾರಣವಾಗುವ ಅಂತರಗಳನ್ನು ಅವರು ಮೂರಾಗಿ ನೋಡಿದರು. ನನ್ನಲ್ಲಿರುವ ಮಾಹಿತಿ ನಿನ್ನಲ್ಲಿಲ್ಲ, ಹಾಗಾಗಿ ಮಾತಾಡಬೇಕು. ಇಬ್ಬರಲ್ಲೂ ಇರುವ ಮಾಹಿತಿಯಿಂದ ತರ್ಕ ಮಾಡಿ ಹೊಸದೊಂದನ್ನು ಹೊರತೆಗೆಯಬೇಕು, ಹಾಗಾಗಿ ಮಾತಾಡಬೇಕು. ನನಗನಿಸಿದ್ದು ಬೇರೆ, ನಿನಗನಿಸಿದ್ದು ಬೇರೆ, ಹಾಗಾಗಿ ಮಾತಾಡಬೇಕು. ಇವುಗಳಲ್ಲಿ ಪ್ರಭು ಅವರ ಒಲವು ಎರಡನೆಯದರ ಕಡೆಗಿತ್ತು. ಅಭಿಪ್ರಾಯಕ್ಕೆ ಸರಿತಪ್ಪಿಲ್ಲ, ಭಾಷೆ ಇನ್ನೂ ಎಳಸಾಗಿರುವ ಮಗು ಅಲ್ಲಿ ತಬ್ಬಿಬ್ಬಾಗುತ್ತದೆ. ತರ್ಕಕ್ಕೆ ಹಿಡಿದುಕೊಳ್ಳಲು ಆಧಾರ ಇರುತ್ತದೆ. ನಮ್ಮ ರಾಜ್ಯದ ಶಾಲೆಗಳಲ್ಲೂ ಇಷ್ಟು ದೊಡ್ಡ ಕೆಲಸ ನಡೆದಿದ್ದರೂ ನಮ್ಮ ತರಬೇತಿಗಳಲ್ಲಿ ಅವರ ಹೆಸರು ಎಷ್ಟು ಅಪರೂಪಕ್ಕೆ ಬರುತ್ತದೆ ಎಂದು ನನಗೆ ಬೇಸರವಿದೆ.

ರೈಲಿನ ವೇಳಾಪಟ್ಟಿಯನ್ನು ನಾನು ಬಳಸಲಿಲ್ಲ. ಚಿಕ್ಕಮಗಳೂರಿಗೆ ರೈಲು ಬಂದದ್ದೇ 2013ರಲ್ಲಿ, ನಮ್ಮ ಮಕ್ಕಳಲ್ಲಿ ಹಲವರು ಇನ್ನೂ ರೈಲು ಹತ್ತಿಲ್ಲ. ಅವರು ನಿಜವಾಗಿ ತಲೆ ಕೆಡಿಸಿಕೊಳ್ಳುವ ಲೆಕ್ಕ ಯಾವುದು ಎಂದು ನೋಡಿದರೆ ಉತ್ತರ ಕಿಟಕಿಯ ಆಚೆಗೇ ಇತ್ತು.

ಕಾಫಿ ರೇಟಿನ ಪುಟ

2024ರಲ್ಲಿ ರೋಬಸ್ಟಾ ಜಾತಿಯ ಕಾಫಿಯ ಚೆರ್ರಿಯ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಹಣ್ಣಿನ, ಬೆಲೆ ಐವತ್ತು ಕೆಜಿ ಚೀಲಕ್ಕೆ ಹತ್ತು ಸಾವಿರ ದಾಟಿದಾಗ ನಮ್ಮ ಕಡೆ ಬೇರೆ ಮಾತೇ ಇರಲಿಲ್ಲ. ಮಕ್ಕಳು ಕೂಡ ಬೆಳಗಿನ ಪ್ರಾರ್ಥನೆಗೆ ಮೊದಲು ರೇಟಿನ ಮಾತಾಡುತ್ತಿದ್ದರು. ಮನೆಯ ಹಿರಿಯರ ಫೋನಿನ ವಾಟ್ಸಾಪ್ ಗುಂಪುಗಳಲ್ಲಿ ದಿನವೂ ಬೆಲೆ ಬರುತ್ತದೆ. ಅದೇ ಬೆಲೆ ಕಾಫಿ ಬೋರ್ಡಿನ ವೆಬ್‌ಸೈಟಿನಲ್ಲಿ ಇಂಗ್ಲಿಷಿನಲ್ಲಿ ಇರುತ್ತದೆ. ಅರೇಬಿಕಾ ಪಾರ್ಚ್‌ಮೆಂಟ್, ಅರೇಬಿಕಾ ಚೆರ್ರಿ, ರೋಬಸ್ಟಾ ಪಾರ್ಚ್‌ಮೆಂಟ್, ರೋಬಸ್ಟಾ ಚೆರ್ರಿ. ಅರೇಬಿಕಾ ಕಾಫಿಯ ಇನ್ನೊಂದು ಜಾತಿ, ಪಾರ್ಚ್‌ಮೆಂಟ್ ಎಂದರೆ ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಬೀಜ. ಜೊತೆಗೆ ನ್ಯೂಯಾರ್ಕಿನಲ್ಲಿ ಅರೇಬಿಕಾಗೆ ಪೌಂಡಿಗೆ ಎಷ್ಟು ಸೆಂಟು, ಲಂಡನ್ನಿನಲ್ಲಿ ರೋಬಸ್ಟಾಗೆ ಟನ್ನಿಗೆ ಎಷ್ಟು ಡಾಲರು ಎಂಬುದೂ ಸಿಗುತ್ತದೆ. ಆ ಪುಟವನ್ನು ಹತ್ತನೇ ತರಗತಿಯ ಮುಂದೆ ಇಟ್ಟಾಗ ನಾನು ಒಂದು ಪದದ ಅರ್ಥವನ್ನೂ ಹೇಳಬೇಕಾಗಲಿಲ್ಲ. ಪಾಠದ ಗದ್ಯದಲ್ಲಿ ಎರಡು ಸಾಲು ಓದಿ ಸುಮ್ಮನಾಗುವ ಹುಡುಗ ಆ ಪಟ್ಟಿಯನ್ನು ಮೇಲಿಂದ ಕೆಳಗೆ ಓದಿ, "ಮೇಡಂ, ಪೌಂಡ್ ಅಂದ್ರೆ ಎಷ್ಟು ಗ್ರಾಂ?" ಎಂದು ಕೇಳಿದ. ಸುಮಾರು 454 ಗ್ರಾಂ ಎಂದೆ. ಅವನು ಲೆಕ್ಕ ಶುರು ಮಾಡಿದ. ಇಂಗ್ಲಿಷ್ ಓದುತ್ತಿದ್ದೇನೆ ಎಂಬ ಭಯ ಅವನ ಮುಖದಲ್ಲಿ ಇರಲಿಲ್ಲ.

ಕೊಟ್ಟ ಕೆಲಸ ಇಷ್ಟು. ಮೂರು ಎಕರೆ ಅರೇಬಿಕಾ ತೋಟ, ಡಿಸೆಂಬರ್ ತಿಂಗಳು, ಹಣ್ಣು ಕೆಂಪಾಗಿದೆ. ತೋಟ ಈಗ ಚೆನ್ನೈನಲ್ಲಿ ಬೆಳೆದ ಮೊಮ್ಮಗಳ ಕೈಗೆ ಬಂದಿದೆ, ಅವಳಿಗೆ ಕನ್ನಡ ಬರುವುದಿಲ್ಲ. ಹಸಿ ಹಣ್ಣನ್ನೇ ತೂಕ ಹಾಕಿ ಮಾರಬೇಕೋ, ಹಣ್ಣನ್ನು ಹಾಗೆಯೇ ಕಣದಲ್ಲಿ ಒಣಗಿಸಿ ಚೆರ್ರಿ ಮಾಡಬೇಕೋ, ಪಲ್ಪ್ ಮಾಡಿಸಿ, ಅಂದರೆ ಹಸಿ ಸಿಪ್ಪೆ ತೆಗೆಸಿ, ಪಾರ್ಚ್‌ಮೆಂಟ್ ಮಾಡಬೇಕೋ ಎಂದು ಅವಳು ಕೇಳುತ್ತಿದ್ದಾಳೆ. ಅವಳಿಗೆ ಪತ್ರದಲ್ಲಿ ಸಲಹೆ ಕೊಡಿ, ಆಮೇಲೆ ತರಗತಿಯ ಮುಂದೆ ನಿಂತು ಆ ಸಲಹೆಯನ್ನು ಸಮರ್ಥಿಸಿ. ಈ ಕಾಲ್ಪನಿಕ ಮೊಮ್ಮಗಳನ್ನು ತಂದದ್ದಕ್ಕೆ ಕಾರಣವಿದೆ. ಕನ್ನಡ ಬಲ್ಲವರಿಗೆ ಇಂಗ್ಲಿಷಿನಲ್ಲಿ ಪತ್ರ ಬರೆಯಿರಿ ಎಂದರೆ ಮಕ್ಕಳಿಗೆ ಅದು ಬರಿಯ ನಾಟಕ. ಇಂಗ್ಲಿಷಿಲ್ಲದೆ ಕೆಲಸ ಸಾಗದ ಒಬ್ಬ ವ್ಯಕ್ತಿ ಆ ಕಡೆ ಇದ್ದಾಗ ಮಾತ್ರ ಆ ಭಾಷೆಗೆ ಅಲ್ಲೊಂದು ಜಾಗ ಹುಟ್ಟುತ್ತದೆ.

ಓದಲು ನಾಲ್ಕು ಪುಟ ಆರಿಸಿದ್ದೆ. ಬೆಲೆಯ ಪುಟ ಒಂದು. ಹವಾಮಾನ ಇಲಾಖೆಯ ಮುನ್ಸೂಚನೆ ಎರಡನೆಯದು. ಒಣ ವಿಧಾನ ಮತ್ತು ನೀರಿನ ವಿಧಾನಗಳನ್ನು ಚಿತ್ರ ಸಮೇತ ವಿವರಿಸುವುದು ಮೂರನೆಯದು. ಪಲ್ಪಿಂಗ್ ನೀರನ್ನು ಹಳ್ಳಕ್ಕೆ ಬಿಟ್ಟರೆ ಏನಾಗುತ್ತದೆ ಎಂಬುದು ನಾಲ್ಕನೆಯದು. ನಾಲ್ವರ ಗುಂಪಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಪುಟ, ಒಬ್ಬರ ಪುಟ ಇನ್ನೊಬ್ಬರು ನೋಡುವಂತಿಲ್ಲ, ಕೇಳಿ ತಿಳಿಯಬೇಕು. ಐದನೆಯ ಮೂಲ ಇಂಟರ್ನೆಟ್ಟಿನಲ್ಲಿ ಇರಲಿಲ್ಲ. ಮನೆಯಲ್ಲೋ ಅಕ್ಕಪಕ್ಕದಲ್ಲೋ ಕಾಫಿ ಕೆಲಸ ಮಾಡುವ ಒಬ್ಬರನ್ನು ಕೇಳಿ ಒಂದು ಸಂಗತಿ ತರಬೇಕಿತ್ತು.

ನನ್ನ ಈ ಬರಹಕ್ಕೆ ಮೂಲವಾದದ್ದು ಅಲ್ಲಿ ನಡೆದ ಒಂದು ಮಾತುಕತೆ. ಮೂರನೆಯ ಬೆಂಚಿನ ಗುಂಪಿನಲ್ಲಿ ಒಬ್ಬ ಹುಡುಗ, ಅವನ ಮನೆಯಲ್ಲಿ ಸಣ್ಣ ತೋಟವಿದೆ, ಪಾರ್ಚ್‌ಮೆಂಟೇ ಸರಿ ಎಂದು ಪಟ್ಟು ಹಿಡಿದಿದ್ದ. ಬೆಲೆ ಪಟ್ಟಿಯಲ್ಲಿ ಅದೇ ಹೆಚ್ಚು ಎಂಬುದು ಅವನ ವಾದ. ಹವಾಮಾನದ ಪುಟ ಓದಿದವಳು ಮಳೆಯ ಸೂಚನೆ ತೋರಿಸಿ, ಇಡೀ ಹಣ್ಣು ಒಣಗಲು ಹೆಚ್ಚು ದಿನ ಬೇಕು, ಅಷ್ಟರಲ್ಲಿ ಮಳೆ ಬಂದರೆ ಬೂಸ್ಟು ಹಿಡಿಯುತ್ತದೆ ಎಂದು ಅವನ ಪರವಾಗಿಯೇ ಮಾತಾಡಿದಳು. ತೀರ್ಮಾನ ಆಗಿಹೋಗುವುದರಲ್ಲಿತ್ತು. ಆಗ ಲೈನ್ ಮನೆಯಿಂದ ಬರುವ ಹುಡುಗಿಯೊಬ್ಬಳು, ವರ್ಷದ ಮೊದಲಿಂದಲೂ ನನ್ನ ತರಗತಿಯಲ್ಲಿ ಬಾಯಿ ಬಿಡದಿದ್ದವಳು, ಕನ್ನಡದಲ್ಲಿ ಕೇಳಿದಳು: "ಕುಯ್ಯೋರು ಯಾರೋ?" ಹುಡುಗನಿಗೆ ಅರ್ಥವಾಗಲಿಲ್ಲ. ಅವಳು ಬಿಡಿಸಿ ಹೇಳಿದಳು. ಪಲ್ಪ್ ಮಾಡಬೇಕಾದರೆ ಕೆಂಪು ಹಣ್ಣನ್ನಷ್ಟೇ ಆರಿಸಿ ಬಿಡಿಸಬೇಕು, ಒಂದೇ ಗಿಡಕ್ಕೆ ಮೂರು ನಾಲ್ಕು ಸಲ ಹೋಗಬೇಕು. ಚೆರ್ರಿಗೆ ಬೇಕಾದರೆ ಒಟ್ಟಿಗೆ ಎಳೆದುಬಿಡಬಹುದು. ಕೆಜಿ ಲೆಕ್ಕದಲ್ಲಿ ಕೂಲಿ ಕೊಟ್ಟರೆ ಆರಿಸಿ ಕುಯ್ಯುವವರಿಗೆ ದಿನಕ್ಕೆ ಸಿಗುವ ದುಡ್ಡು ಕಡಿಮೆ. ಪಾರ್ಚ್‌ಮೆಂಟ್ ಮಾಡುವುದಾದರೆ ಕೂಲಿಯ ಲೆಕ್ಕ ಬದಲಾಯಿಸಬೇಕು, ಇಲ್ಲದಿದ್ದರೆ ಜನ ಬರುವುದಿಲ್ಲ. ಅವಳ ಅಮ್ಮ ಹೇಳಿದ ಮಾತು ಅದು. ನಾನು ಆರಿಸಿದ ನಾಲ್ಕು ಪುಟಗಳಲ್ಲಿ ಎಲ್ಲಿಯೂ ಅದು ಇರಲಿಲ್ಲ.

ಗುಂಪು ಒಂದು ಗಳಿಗೆ ಸುಮ್ಮನಾಯಿತು. ಆಮೇಲೆ ಹುಡುಗ, "ಅದನ್ನ ನೀನೇ ಹೇಳು, ಇಂಗ್ಲಿಷಲ್ಲಿ" ಎಂದ. ತರಗತಿಯ ಮುಂದೆ ನಿಂತು ಅವಳು ಹೇಳಿದ್ದು ಇಷ್ಟೇ: "ಓನ್ಲಿ ರೆಡ್, ಸ್ಲೋ. ಸ್ಲೋ, ಲೆಸ್ ಕೆಜಿ. ಲೆಸ್ ಕೆಜಿ, ಲೆಸ್ ಮನಿ. ಹೂ ವಿಲ್ ಕಮ್?" ಬೇರೆ ಗುಂಪುಗಳು ಆ ಪ್ರಶ್ನೆಗೆ ಉತ್ತರ ಕೊಡಲು ಎದ್ದವು. ದಿನಗೂಲಿ ಕೊಡಿ ಎಂದರು ಕೆಲವರು. ಆರಿಸಿದ ಹಣ್ಣಿಗೆ ಕೆಜಿಗೆ ಹೆಚ್ಚು ಕೊಡಿ ಎಂದರು ಇನ್ನು ಕೆಲವರು. ಆ ಪೀರಿಯಡ್ಡಿನಲ್ಲಿ ಮಕ್ಕಳು "ಇಫ್" ಎಂಬ ಪದವನ್ನು ಬಳಸಿದಷ್ಟು ವ್ಯಾಕರಣ ಪಾಠದ ಯಾವ ಪೀರಿಯಡ್ಡಿನಲ್ಲೂ ಬಳಸಿದ್ದನ್ನು ನಾನು ಕೇಳಿಲ್ಲ. ಮಳೆ ಬಂದರೆ, ಬೆಲೆ ಇಳಿದರೆ, ಕೆಂಪು ಹಣ್ಣು ಮಾತ್ರ ಕುಯ್ದರೆ. ಪರೀಕ್ಷೆಯಲ್ಲಿ ಎರಡು ವಾಕ್ಯ ಕೊಟ್ಟು ಷರತ್ತಿನ ರೂಪಕ್ಕೆ ಬದಲಾಯಿಸಿ ಎಂದು ಕೇಳುವುದೂ ಇದನ್ನೇ. ಆದರೆ ಇಲ್ಲಿ ಷರತ್ತು ಅವರ ಬದುಕಿನದು.

ಕೇಳಿಸಿಕೊಂಡದ್ದು, ಓದಿದ್ದು ಸಾಲದು

ಇಲ್ಲಿ ಕೆನಡಾದ ಒಂದು ಅನುಭವ ನೆನಪಾಗುತ್ತದೆ. ಅಲ್ಲಿ ಇಂಗ್ಲಿಷ್ ಮನೆಮಾತಿನ ಮಕ್ಕಳಿಗೆ ಹೆಚ್ಚಿನ ವಿಷಯಗಳನ್ನು ಫ್ರೆಂಚಿನಲ್ಲೇ ಕಲಿಸುವ ಶಾಲೆಗಳಿವೆ. ವರ್ಷಗಟ್ಟಲೆ ಫ್ರೆಂಚ್ ಕೇಳಿ, ಓದಿ, ಅರ್ಥಮಾಡಿಕೊಳ್ಳುವುದರಲ್ಲಿ ಆ ಮಕ್ಕಳು ಗಟ್ಟಿಯಾಗಿದ್ದರು. ಮಾತಾಡುವಾಗ, ಬರೆಯುವಾಗ ಮಾತ್ರ ವ್ಯಾಕರಣ ಕುಂಟುತ್ತಿತ್ತು. ಇದನ್ನು ನೋಡಿ ಮೆರಿಲ್ ಸ್ವೈನ್ ಎಂಬ ಭಾಷಾ ಸಂಶೋಧಕಿ 1985ರಲ್ಲಿ ಒಂದು ವಾದ ಮುಂದಿಟ್ಟು, ಆಮೇಲೆ ಅದನ್ನು ಬೆಳೆಸಿದರು. ಭಾಷೆ ಕಿವಿಗೆ ಬಿದ್ದರೆ ಸಾಲದು, ಕಲಿಯುವವರು ಅದನ್ನು ಹೊರಗೆ ಹಾಕಲೇಬೇಕಾದ ಒತ್ತಾಯ ಬೇಕು, ಆಗ ಮಾತ್ರ ತನಗೆ ಏನು ಬರುವುದಿಲ್ಲ ಎಂಬುದು ಅವರಿಗೆ ತಿಳಿಯುತ್ತದೆ. ಇಂಟರ್ನೆಟ್ ಮಕ್ಕಳ ಮುಂದೆ ಇಂಗ್ಲಿಷಿನ ರಾಶಿಯನ್ನೇ ಸುರಿಯುತ್ತದೆ. ಆ ರಾಶಿಯನ್ನು ನೋಡಿ ಮರುಳಾಗುವ ಶಿಕ್ಷಕರನ್ನು ನಾನು ಬಹಳ ನೋಡಿದ್ದೇನೆ. ವಿಡಿಯೋ ತೋರಿಸುತ್ತಾರೆ, ಪುಟ ತೆರೆಯುತ್ತಾರೆ, ಮಕ್ಕಳು ನೋಡುತ್ತಾರೆ, ಗಂಟೆ ಬಾರಿಸುತ್ತದೆ. ಮಗುವಿನ ಬಾಯಿಂದ ಒಂದು ವಾಕ್ಯ ಹೊರಡುವುದಿಲ್ಲ.

ಗುಂಪಿನೊಳಗೆ ಮಕ್ಕಳು ಕನ್ನಡದಲ್ಲಿ ಮಾತಾಡುವುದನ್ನು ನಾನು ತಡೆಯುವುದಿಲ್ಲ. ಇದಕ್ಕೆ ಕೆಲವು ಸಹೋದ್ಯೋಗಿಗಳು ಒಪ್ಪುವುದಿಲ್ಲ, ಇಂಗ್ಲಿಷ್ ತರಗತಿಯಲ್ಲಿ ಇಂಗ್ಲಿಷೇ ಇರಬೇಕು ಎನ್ನುತ್ತಾರೆ. ಆ ಹುಡುಗಿಯ ಮಾತು ಮೊದಲು ಹುಟ್ಟಿದ್ದು ಕನ್ನಡದಲ್ಲಿ. ಕನ್ನಡಕ್ಕೆ ಬೇಲಿ ಹಾಕಿದ್ದರೆ ಅದು ಹುಟ್ಟುತ್ತಲೇ ಇರಲಿಲ್ಲ. ಯೋಚನೆ ಯಾವ ಭಾಷೆಯಲ್ಲಿ ಬೇಕಾದರೂ ಬರಲಿ. ಕೊನೆಯಲ್ಲಿ ಪತ್ರ ಇಂಗ್ಲಿಷಿನಲ್ಲಿರಬೇಕು, ಸಮರ್ಥನೆ ಇಂಗ್ಲಿಷಿನಲ್ಲಿರಬೇಕು, ಅದರಲ್ಲಿ ರಿಯಾಯಿತಿ ಇಲ್ಲ. ಮಾರನೆಯ ದಿನ ನಾಲ್ಕು ತುಂಡು ಮಾತುಗಳ ಜಾಗದಲ್ಲಿ ಆ ಗುಂಪು ಬರೆದು ತಂದ ಪತ್ರದಲ್ಲಿ, ಕೆಂಪು ಹಣ್ಣನ್ನಷ್ಟೇ ಬಿಡಿಸಿದರೆ ಕೂಲಿಯವರಿಗೆ ಕಡಿಮೆ ಸಿಗುತ್ತದೆ, ಆದ್ದರಿಂದ ನೀವು ಕೆಜಿಗೆ ಹೆಚ್ಚು ಕೊಡಬೇಕು ಎಂಬ ಪೂರ್ತಿ ವಾಕ್ಯವಿತ್ತು. ಕ್ರಿಯಾಪದ ಎರಡು ಕಡೆ ತಪ್ಪಿತ್ತು. ಅದನ್ನು ತಿದ್ದುವಾಗ ಅವರು ಕೇಳಿಸಿಕೊಂಡ ರೀತಿಯೇ ಬೇರೆ. ಅದು ಅವರದೇ ವಾಕ್ಯ, ಅದು ಸರಿಯಾಗಬೇಕೆಂಬ ಆಸೆ ಅವರಿಗೆ ಇತ್ತು.

ಕರೆಂಟು, ಕಷ್ಟದ ಪುಟಗಳು

ಮಲೆನಾಡಿನ ಶಾಲೆಯಲ್ಲಿ ಆನ್‌ಲೈನ್ ಎಂಬ ಪದ ಹೇಳಿದ ಕೂಡಲೇ ಬರುವ ಪ್ರಶ್ನೆ ಕರೆಂಟಿನದು. ಜೂನ್‌ನಿಂದ ಆಗಸ್ಟ್‌ವರೆಗೆ ಒಂದು ಮರ ಬಿದ್ದರೆ ದಿನಗಟ್ಟಲೆ ಕತ್ತಲೆ, ನೆಟ್‌ವರ್ಕ್ ಕೂಡ ಅದರ ಜೊತೆಗೇ ಹೋಗುತ್ತದೆ. ಹಾಗೆ ನೋಡಿದರೆ ದಾರಿ ಹಾಕಿಕೊಟ್ಟ ಹುಡುಕಾಟ ನಮ್ಮಂಥ ಊರಿಗೇ ಹೆಚ್ಚು ಹೊಂದುತ್ತದೆ. ಪುಟಗಳನ್ನು ಮೊದಲೇ ಆರಿಸಿರುತ್ತೇವೆ. ಹಾಗಾಗಿ ಕರೆಂಟು ಇದ್ದಾಗ ಅವನ್ನು ಸೇವ್ ಮಾಡಿಟ್ಟುಕೊಳ್ಳಬಹುದು, ಕಂಪ್ಯೂಟರ್ ಕೈಕೊಟ್ಟರೆ ಅಚ್ಚು ಹಾಕಿದ ಪ್ರತಿಯನ್ನು ಹಂಚಬಹುದು. ಬೆಲೆಯ ಪುಟವೊಂದನ್ನು ಮಾತ್ರ ಆ ದಿನದ್ದೇ ನೋಡಬೇಕು, ಅದಕ್ಕೆ ಒಬ್ಬ ಶಿಕ್ಷಕರ ಫೋನು ಸಾಕು.

ಕರೆಂಟಿಗಿಂತ ದೊಡ್ಡ ತೊಡಕು ಪುಟಗಳ ಇಂಗ್ಲಿಷು. ಅವು ನಮ್ಮ ಮಕ್ಕಳಿಗಾಗಿ ಬರೆದವಲ್ಲ. ಒಂದು ಪುಟದಲ್ಲಿ ಇಪ್ಪತ್ತು ಗೊತ್ತಿಲ್ಲದ ಪದ ಸಿಕ್ಕಿದ ಮಗು ಇಪ್ಪತ್ತೊಂದನೆಯದಕ್ಕೆ ಹೋಗುವುದಿಲ್ಲ. ಹಾಗಾಗಿ ನಾನು ಅಂಕಿ, ಪಟ್ಟಿ, ಚಿತ್ರ ಇರುವ ಪುಟಗಳನ್ನು ಮೊದಲು ಹುಡುಕುತ್ತೇನೆ. ವಿಷಯ ಮಗುವಿಗೆ ಮೊದಲೇ ಗೊತ್ತಿರುವುದಾದರೆ ಪದಗಳ ಅರ್ಥ ಅರ್ಧಕ್ಕರ್ಧ ತಾನಾಗಿ ಸಿಗುತ್ತದೆ. ಪಲ್ಪರ್, ಪಾರ್ಚ್‌ಮೆಂಟ್, ಚೆರ್ರಿ ಎಂಬ ಪದಗಳನ್ನು ನಮ್ಮ ಮಕ್ಕಳು ಅಜ್ಜನ ಬಾಯಿಂದ ಕೇಳಿ ಬೆಳೆದವರು. ಕಾಫಿಯ ಇಂಗ್ಲಿಷ್ ಎಲ್ಲೋ ದೂರದ್ದಲ್ಲ. ಬಾಳೆಹೊನ್ನೂರಿನ ಬಳಿ ಕಾಫಿ ಸಂಶೋಧನೆ ಶುರುವಾದದ್ದು 1925ರಲ್ಲಿ. ಎಸ್. 795ರಂಥ ಅರೇಬಿಕಾ ತಳಿ ರೂಪುಗೊಂಡದ್ದು ಅಲ್ಲೇ. ನಮ್ಮದೇ ಜಿಲ್ಲೆಯ ಮಣ್ಣು, ರೋಗ, ಮಳೆಯ ಬಗ್ಗೆ ನೂರು ವರ್ಷಗಳಿಂದ ಇಂಗ್ಲಿಷಿನಲ್ಲಿ ಬರೆಯುತ್ತ ಬಂದಿದ್ದಾರೆ. ಆ ಬರಹ ಈ ಮಣ್ಣಿನ ಮಕ್ಕಳಿಗೆ ಓದಲು ಸಿಗಬೇಕು. ಇಲ್ಲಿ ನನ್ನ ಹಟ ಸ್ವಲ್ಪ ಜಾಸ್ತಿಯೇ. ಬಿಳಿ ಕಾಂಡಕೊರಕದ ಬಗ್ಗೆ ಒಂದು ಪ್ಯಾರಾ ಓದಿ ಮನೆಯಲ್ಲಿ ಹೇಳಬಲ್ಲ ಮಗುವಿಗೆ ಡ್ಯಾಫೊಡಿಲ್ ಹೂವಿನ ಪದ್ಯವನ್ನು ಆಮೇಲೆ ಓದಿಸಿದರೂ ನಡೆಯುತ್ತದೆ.

ಹಾಸನದ ಕನ್ನಡ ತರಗತಿ

ಹಾಸನದಲ್ಲಿ ನನ್ನ ಗೆಳತಿಯೊಬ್ಬಳು ಸಿಬಿಎಸ್ಇ ಶಾಲೆಯಲ್ಲಿ ಕನ್ನಡ ಕಲಿಸುತ್ತಾಳೆ. ಅವಳ ತರಗತಿಯಲ್ಲಿ ಕನ್ನಡವೇ ದ್ವಿತೀಯ ಭಾಷೆ. 2015ರ ಕನ್ನಡ ಕಲಿಕಾ ಕಾಯ್ದೆ ಬಂದ ಮೇಲೆ ಬೇರೆ ರಾಜ್ಯಗಳಿಂದ ಬಂದ ಮನೆಗಳ ಮಕ್ಕಳೂ ಕನ್ನಡ ಓದುತ್ತಿದ್ದಾರೆ. ಅವಳ ಅಳಲು ನನ್ನದಕ್ಕೆ ತಿರುಗುಮುರುಗಾದದ್ದು. ಆ ಮಕ್ಕಳಿಗೆ ಕನ್ನಡ ಅಂಗಡಿಯಲ್ಲಿ, ಆಟೋದಲ್ಲಿ ದಿನವೂ ಕೇಳಿಸುತ್ತದೆ, ಆದರೆ ಅದರಲ್ಲಿ ಯೋಚಿಸಬೇಕಾದ ಸಂದರ್ಭ ಒಂದೂ ಬರುವುದಿಲ್ಲ.

ಇಬ್ಬರೂ ಕೂತು ಅವಳಿಗೆ ರೂಪಿಸಿದ ಕೆಲಸ ಹಲ್ಮಿಡಿಯದು. ಬೇಲೂರು ತಾಲ್ಲೂಕಿನ ಆ ಊರಿನಲ್ಲಿ 1936ರಲ್ಲಿ ಎಂ. ಎಚ್. ಕೃಷ್ಣ ಅವರು ಗುರುತಿಸಿದ ಶಾಸನವನ್ನು ಕ್ರಿ.ಶ. 450ರ ಸುಮಾರಿನದು, ಕನ್ನಡದ ಮೊದಲ ಶಾಸನ ಎಂದು ನಾವೆಲ್ಲ ಓದಿಕೊಂಡು ಬಂದಿದ್ದೇವೆ. ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಸಿಕ್ಕ ಬರಹ 370ರದ್ದು, ಅದೇ ಹಳೆಯದು ಎಂಬ ವಾದ ಈಚೆಗೆ ಬಂದಿದೆ. ಮಕ್ಕಳಿಗೆ ಎರಡೂ ಪಕ್ಷದ ಸರಳ ಬರಹಗಳನ್ನು ಕೊಟ್ಟು, ಹಲ್ಮಿಡಿಗೆ ಬರುವ ಪ್ರವಾಸಿಗರಿಗಾಗಿ ಒಂದು ಫಲಕ ಬರೆಯಿರಿ ಎಂದು ಹೇಳಲಾಯಿತು. ಸುಳ್ಳು ಇರಬಾರದು, ಊರಿನವರ ಹೆಮ್ಮೆಗೂ ಕುಂದು ಬರಬಾರದು. ಈ ಇಕ್ಕಟ್ಟಿನಲ್ಲಿ ಮಕ್ಕಳಿಗೆ ಬೇಕಾದದ್ದು "ಎಂದು ನಂಬಲಾಗಿದೆ", "ಎನ್ನುವವರೂ ಇದ್ದಾರೆ", "ಇರಬಹುದು" ಎಂಬ ಪ್ರಯೋಗಗಳು. ಬಿಹಾರದಿಂದ ಬಂದ ಮನೆಯ ಹುಡುಗನೊಬ್ಬ "ಇದು ಬಹಳ ಹಳೆಯ ಶಾಸನಗಳಲ್ಲಿ ಒಂದು" ಎಂದು ಬರೆದು, ಆ "ಒಂದು" ಸಾಕೇ ಎಂದು ಗುಂಪಿನಲ್ಲಿ ಬಹಳ ಹೊತ್ತು ಚರ್ಚೆ ಮಾಡಿದನಂತೆ. ಫೋನಿನಲ್ಲಿ ಇದನ್ನು ಹೇಳುವಾಗ ಅವಳ ದನಿಯಲ್ಲಿದ್ದ ಸಂತೋಷ ನನಗೆ ಅರ್ಥವಾಗುತ್ತಿತ್ತು.

ಯಂತ್ರ ಬರೆದುಕೊಟ್ಟರೆ?

ಈಗ ಪತ್ರವನ್ನೂ ಯಂತ್ರವೇ ಬರೆದುಕೊಡುತ್ತದಲ್ಲ, ನಿಮ್ಮ ಪ್ರಾಜೆಕ್ಟಿನ ಗತಿಯೇನು ಎಂದು ತರಬೇತಿಯೊಂದರಲ್ಲಿ ಒಬ್ಬರು ಕೇಳಿದರು. ಸರಿಯಾದ ಪ್ರಶ್ನೆ. ಮೂರು ಎಕರೆ ಅರೇಬಿಕಾ ಇದೆ, ಏನು ಮಾಡಲಿ ಎಂದು ಫೋನಿಗೆ ಕೇಳಿದರೆ ಅದು ಒಳ್ಳೆಯ ಇಂಗ್ಲಿಷಿನಲ್ಲೇ ಉತ್ತರಿಸುತ್ತದೆ. ಮಕ್ಕಳ ಕೈಯಿಂದ ಫೋನು ಕಿತ್ತುಕೊಂಡು ಇದನ್ನು ಬಗೆಹರಿಸಲು ಆಗುವುದಿಲ್ಲ. ನಾನು ಎರಡು ವಿಷಯಗಳ ಮೇಲೆ ಭಾರ ಹಾಕುತ್ತೇನೆ. ಒಂದು, ಮನೆಯಿಂದ ಕೇಳಿ ತರುವ ಆ ಐದನೆಯ ಮೂಲ. ನಮ್ಮ ಹೋಬಳಿಯಲ್ಲಿ ಈ ವಾರ ಕುಯ್ಲಿಗೆ ಜನ ಸಿಗುತ್ತಾರೋ ಇಲ್ಲವೋ, ಕಣ ಯಾರ ಮನೆಯಲ್ಲಿ ಖಾಲಿ ಇದೆ ಎಂಬುದು ಯಂತ್ರಕ್ಕೆ ಗೊತ್ತಿಲ್ಲ. ಇನ್ನೊಂದು, ಹಾಳೆ ಕೆಳಗಿಟ್ಟು ಬಾಯಲ್ಲಿ ಮಾಡುವ ಸಮರ್ಥನೆ. ಬೇರೆ ಗುಂಪಿನವರು ಎದ್ದು "ವೈ?" ಎಂದು ಕೇಳಿದಾಗ ತನ್ನದಲ್ಲದ ಪತ್ರ ಕೈ ಹಿಡಿಯುವುದಿಲ್ಲ. ಯಂತ್ರದ ಉತ್ತರವನ್ನೇ ಆರನೆಯ ಪುಟವಾಗಿ ಕೊಟ್ಟು, ಇದರಲ್ಲಿ ನಮ್ಮ ಊರಿಗೆ ಹೊಂದದ್ದು ಯಾವುದು ಹುಡುಕಿ ಎಂದು ಕೇಳುವುದೂ ಒಳ್ಳೆಯ ಕೆಲಸವೇ. ಮಕ್ಕಳು ಅದನ್ನು ಬಹಳ ಹುರುಪಿನಿಂದ ಮಾಡುತ್ತಾರೆ.

ಅಂಕ ಕೊಡುವ ವಿಷಯ ಇನ್ನೂ ಪೂರ್ತಿ ಬಗೆಹರಿದಿಲ್ಲ. ಶುರುವಿನಲ್ಲೇ ಮಕ್ಕಳಿಗೆ ಕೊಡುವ ಅಳತೆಯ ಹಾಳೆಯಲ್ಲಿ ಓದಿದ ಪುಟಗಳಿಂದ ಆಧಾರ ಕೊಟ್ಟಿದ್ದಾರೆಯೇ, ಗುಂಪಿನಲ್ಲಿ ಎಲ್ಲರೂ ಮಾತಾಡಿದ್ದಾರೆಯೇ, ವಾಕ್ಯ ಅರ್ಥವಾಗುವಂತಿದೆಯೇ ಎಂಬ ಸಾಲುಗಳಿದ್ದವು. ಕಾಫಿಯ ಕೆಲಸದ ನಂತರ ಒಂದು ಸಾಲು ಸೇರಿಸಿದೆ: ಯಾವ ಪುಟದಲ್ಲೂ ಇಲ್ಲದ ಒಂದು ಸಂಗತಿಯನ್ನು ವಾದಕ್ಕೆ ತಂದಿದ್ದಾರೆಯೇ? ಅದಕ್ಕೆ ಉಳಿದವುಗಳಷ್ಟೇ ಅಂಕ. ಇದು ಭಾಷೆಯ ಅಂಕವೋ ವಿಷಯದ ಅಂಕವೋ ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. ಹೇಳುವುದಕ್ಕೆ ತನ್ನದೇ ಒಂದು ಮಾತು ಇರುವ ಮಗು ಮಾತ್ರ ಭಾಷೆಗಾಗಿ ತಡಕಾಡುತ್ತದೆ, ಹಾಗಾಗಿ ಅದು ಭಾಷೆಯ ಅಂಕವೇ ಎಂಬುದು ನನ್ನ ಉತ್ತರ. ಅವರು ಇನ್ನೂ ಒಪ್ಪಿಲ್ಲ.

ಮುಂದಿನ ಕೆಲಸವನ್ನು ಹಾಸನದ ಗೆಳತಿ ಮತ್ತು ನಾನು ಜೊತೆಯಾಗಿ ಮಾಡಲಿದ್ದೇವೆ. ವಿಷಯ ಆನೆ. ಸಕಲೇಶಪುರ, ಆಲೂರು, ಮೂಡಿಗೆರೆ ಕಡೆಯ ಮಕ್ಕಳಿಗೆ ಇದು ಶಾಲೆಗೆ ಹೋಗುವ ದಾರಿಯ ಪ್ರಶ್ನೆ. ಆನೆ ಕಾಣಿಸಿಕೊಂಡ ಊರಿಗೆ ಎಚ್ಚರಿಕೆಯ ಸಂದೇಶ ಬರೆಯಬೇಕು. ಅವಳ ಮಕ್ಕಳು ತೋಟದ ಕೆಲಸಗಾರರಿಗಾಗಿ ಕನ್ನಡದಲ್ಲಿ ಬರೆಯುತ್ತಾರೆ, ನನ್ನ ಮಕ್ಕಳು ಹೋಂಸ್ಟೇಗೆ ಬರುವ ಹೊರಗಿನವರಿಗಾಗಿ ಇಂಗ್ಲಿಷಿನಲ್ಲಿ. ಸಂದೇಶ ಚಿಕ್ಕದಾಗಿರಬೇಕು, ಜನ ಗಾಬರಿಯಾಗಬಾರದು, ಎಲ್ಲಿ ಹೋಗಬಾರದು ಎಂಬುದು ಒಂದೇ ಓದಿಗೆ ತಿಳಿಯಬೇಕು. ಆನೆಯ ನಡವಳಿಕೆಯ ಬಗ್ಗೆ ಎರಡು ಪುಟ, ಆನೆಗಳು ಓಡಾಡುವ ಕಾರಿಡಾರ್ ದಾರಿಗಳ ನಕ್ಷೆ ಒಂದು ಸಿಕ್ಕಿದೆ. ಬೆಳೆ ಪರಿಹಾರದ ನಿಯಮಗಳನ್ನು ಹತ್ತನೇ ತರಗತಿಯ ಮಗು ಓದಬಲ್ಲ ಇಂಗ್ಲಿಷಿನಲ್ಲಿ ಹೇಳುವ ಪುಟ ಇನ್ನೂ ಸಿಕ್ಕಿಲ್ಲ. ಯಾರಿಗಾದರೂ ಗೊತ್ತಿದ್ದರೆ ತಿಳಿಸಿ, ಕುಯ್ಲು ಶುರುವಾಗಿ ಮಕ್ಕಳ ಹಾಜರಿ ಇಳಿಯುವ ಮೊದಲೇ ಇದನ್ನು ಮುಗಿಸಬೇಕು.